ಸಿನಾಯ್ ಬೆಟ್ಟದ ಪುಟ್ಟ ನೀಲಿ ಚಿಟ್ಟೆ: ಒಂದೇ ಗಿಡ ನಂಬಿ ಬದುಕೋದು ಹೇಗೆ?

ಬಯಲುಸೀಮೆ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ನಿಸರ್ಗ ಬಳಗದ ಗೋಡೆಪತ್ರಿಕೆಯಲ್ಲಿ ಈಜಿಪ್ಟಿನ ಸಿನಾಯ್ ಬೇಟನ್ ಬ್ಲೂ ಚಿಟ್ಟೆಗೆ ಎರಡು ಪುಟ ಮೀಸಲಿಟ್ಟಿದ್ದೇವೆ. ವೈಜ್ಞಾನಿಕ ಹೆಸರು ಸ್ಯೂಡೋಫಿಲೋಟೆಸ್ ಸಿನೈಕಸ್. 1975ರಲ್ಲಿ ನಕಮುರಾ ಎಂಬುವರು ಇದನ್ನು ವಿವರಿಸಿದರು, ಸೇಂಟ್ ಕ್ಯಾಥರೀನ್ ಸುತ್ತಲಿನ ಬೆಟ್ಟಗಳಲ್ಲಿ ಸಿನಾಯ್ ಥೈಮ್ ಎಂಬ ಒಂದೇ ಗಿಡದ ಮೇಲೆ ಬದುಕುತ್ತದೆ, ಐಯುಸಿಎನ್ ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯದ ದರ್ಜೆಯಲ್ಲಿದೆ, ಪ್ರಪಂಚದ ಅತಿ ಚಿಕ್ಕ ಚಿಟ್ಟೆ. ಇಷ್ಟು ಗೊತ್ತಾಗಿದೆ. ಗೊತ್ತಾಗದೆ ಉಳಿದಿದ್ದನ್ನು ಕೇಳುತ್ತಿದ್ದೇನೆ.

ಮಳೆಯೇ ಸರಿಯಾಗಿ ಬಾರದ ಕಡೆ ಒಂದೇ ಗಿಡ ನಂಬಿದರೆ ವರ್ಷದ ಉಳಿದ ತಿಂಗಳು ಅದು ಎಲ್ಲಿರುತ್ತದೆ? ಇರುವೆಗಳು ಇದರ ಹುಳುವನ್ನು ಕಾಯುತ್ತವೆ ಅಂತಾರೆ, ತಿನ್ನುವುದಿಲ್ಲವೇ? ಬೆರಳ ಉಗುರಿನಷ್ಟಿರುವ ಚಿಟ್ಟೆಯನ್ನು ಬೆಟ್ಟದ ತುಂಬ ಹೇಗೆ ಎಣಿಸುತ್ತಾರೆ? ಕೊನೆಯದು ಮುಖ್ಯವಾದದ್ದು: ಥೈಮ್ ಸಸಿಗಳನ್ನು ನರ್ಸರಿಯಲ್ಲಿ ಬೆಳೆಸಿ ಪಕ್ಕದ ಬೆಟ್ಟಗಳಲ್ಲಿ ನೆಟ್ಟುಬಿಟ್ಟರೆ ಸಮಸ್ಯೆ ಬಗೆಹರಿಯುವುದಿಲ್ಲವೇ?

ಕಲ್ಲುಹೂ ಉತ್ತರ

ಮೊದಲು ಜಾಗದ ಚಿತ್ರ ಸರಿ ಮಾಡಿಕೊಳ್ಳಿ. ಮರುಭೂಮಿ ಅಂದ ಕೂಡಲೇ ಮರಳದಿಬ್ಬ ಬರೆದುಬಿಡಬೇಡಿ. ಇದು ಕೆಂಪು ಗ್ರಾನೈಟ್ ಬೆಟ್ಟಗಳ ಸೀಮೆ. ಸೇಂಟ್ ಕ್ಯಾಥರೀನ್ ಊರೇ ಸುಮಾರು 1600 ಮೀಟರ್ ಎತ್ತರದಲ್ಲಿದೆ. ಪಕ್ಕದ ಗೆಬೆಲ್ ಕತ್ರೀನಾ 2600 ಮೀಟರ್ ದಾಟುತ್ತದೆ, ಈಜಿಪ್ಟಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ವರ್ಷದ ಮಳೆ 100 ಮಿಲಿಮೀಟರಿಗಿಂತ ಕಡಿಮೆ. ಚಳಿಗಾಲದಲ್ಲಿ ನೆತ್ತಿಯ ಮೇಲೆ ಹಿಮ ಬೀಳುತ್ತದೆ. ಕರಗಿದ ಹಿಮದ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು, ಬೆಟ್ಟಗಳ ನಡುವಿನ ತಟ್ಟೆಯಂಥ ತಗ್ಗುಗಳಲ್ಲಿ ನಿಲ್ಲುತ್ತದೆ. ಅಲ್ಲಿನ ಬೆಡುಯಿನ್ ಜನ ಇಂಥ ತಗ್ಗಿಗೆ ಫರ್ಶ್ ಎನ್ನುತ್ತಾರೆ. ಫರ್ಶ್ ಶುಐಬ್ ಎಂಬುದು ಈ ಚಿಟ್ಟೆಯ ದೊಡ್ಡ ನೆಲೆಗಳಲ್ಲಿ ಒಂದು.

ಸಿನಾಯ್ ಥೈಮ್, ಅಂದರೆ ಥೈಮಸ್ ಡೆಕುಸಾಟಸ್, ನಮ್ಮ ತುಳಸಿಯ ಕುಟುಂಬದ್ದೇ. ನೆಲಕ್ಕೆ ಅಂಟಿಕೊಂಡ ಗಿಡ್ಡ ಪೊದೆ, ಚಿಕ್ಕ ಎಲೆ, ಗಾಢ ವಾಸನೆ. ಅದು ಎಲ್ಲೆಂದರಲ್ಲಿ ಬರುವುದಿಲ್ಲ. ನೆಲದ ಬಗೆ, ಎತ್ತರ, ಕಲ್ಲಿನ ಪ್ರಮಾಣ ಈ ಮೂರೂ ಕೂಡಿಬಂದ ಕಡೆ ಮಾತ್ರ ಬೇರು ಬಿಡುತ್ತದೆ. ಹೀಗಾಗಿ ಗಿಡಗಳು ತುಂಡು ತುಂಡು ತಾಣಗಳಲ್ಲಿವೆ. ಒಂದು ಬೆಟ್ಟದೊಳಗೆ ತಾಣಗಳು, ತಾಣದೊಳಗೆ ಪೊದೆಗಳ ಗುಂಪುಗಳು, ಗುಂಪಿನೊಳಗೆ ಒಂದೊಂದೇ ಪೊದೆ. ಚಿಟ್ಟೆಯ ಇಡೀ ಪ್ರಪಂಚ ಸುಮಾರು 7 ಚದರ ಕಿಲೋಮೀಟರ್.

ಈಗ ನಿಮ್ಮ ಮೊದಲ ಪ್ರಶ್ನೆ. ಚಿಟ್ಟೆ ಹಾರುವುದು ಮೇ ಆರಂಭದಿಂದ ಜೂನ್ ನಡುವಿನವರೆಗೆ, ಅಂದರೆ ಥೈಮ್ ಹೂ ಬಿಡುವ ಹೊತ್ತಿಗೆ. ವರ್ಷಕ್ಕೆ ಒಂದೇ ಪೀಳಿಗೆ. ಹೆಣ್ಣು ಮೊಗ್ಗಿನ ಮೇಲೆ, ಎಳೆ ಎಲೆಯ ಮೇಲೆ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಹುಳು ಮೊಗ್ಗು ಮತ್ತು ಹೂಗಳನ್ನು ತಿಂದು ಬೆಳೆಯುತ್ತದೆ. ಬಲಿತ ಎಲೆ ಅದರ ಊಟವಲ್ಲ. ಇಲ್ಲೇ ಇಕ್ಕಟ್ಟು ಇರುವುದು: ಗಿಡ ಹಸಿರಾಗಿ ಬದುಕಿದ್ದರೂ ಆ ವರ್ಷ ಮೊಗ್ಗು ಬಿಡದಿದ್ದರೆ ಹುಳುವಿಗೆ ಊಟವಿಲ್ಲ. ಬೆಳೆದ ಹುಳು ಇಳಿದುಬಂದು ಪೊದೆಯ ಬುಡದ ಮಣ್ಣಿನಲ್ಲಿ ಕೋಶವಾಗುತ್ತದೆ. ಬಿಸಿಲು, ಚಳಿ, ಹಿಮ ಎಲ್ಲವನ್ನೂ ಕೋಶದೊಳಗೇ ಕಳೆದು ಮುಂದಿನ ಮೇ ತಿಂಗಳಿಗೆ ಹೊರಬರುತ್ತದೆ. ವರ್ಷದ ಬಹುಪಾಲು ಅದರ ವಿಳಾಸ ಪೊದೆಯ ಬುಡದ ಮಣ್ಣು. ಆದ್ದರಿಂದ ಒಣಗಿದಂತೆ ಕಾಣುವ ಪೊದೆಯನ್ನು ಸೌದೆಗೆಂದು ಬುಡಸಮೇತ ಕಿತ್ತರೆ ಹೋಗುವುದು ಗಿಡವೊಂದೇ ಅಲ್ಲ.

ರೆಕ್ಕೆ ಬಂದ ಚಿಟ್ಟೆಯೂ ಥೈಮಿನ ಮಕರಂದವನ್ನೇ ಕುಡಿಯುತ್ತದೆ. ಮೊಟ್ಟೆ, ಊಟ, ಮದುವೆ, ಗೂಡು ಎಲ್ಲವೂ ಒಂದೇ ಗಿಡದ ಸುತ್ತ. ಹಾಗಾಗಿ ದೂರ ಹಾರುವ ಅಭ್ಯಾಸವೇ ಇಲ್ಲ. ಹುಟ್ಟಿದ ತಾಣವನ್ನು ಬಿಟ್ಟು ಹೋಗುವುದು ಕೆಲವೇ ಕೆಲವು.

"ಪ್ರಪಂಚದ ಅತಿ ಚಿಕ್ಕ ಚಿಟ್ಟೆ" ಎಂಬ ಸಾಲಿನ ಬಗ್ಗೆಯೂ ಒಂದು ಮಾತು. ಇದನ್ನು ಅಧ್ಯಯನ ಮಾಡಿದ ಮೈಕ್ ಜೇಮ್ಸ್ ತಮ್ಮ ಪ್ರಬಂಧಗಳಲ್ಲಿ ಹಾಗೆ ಕರೆದಿದ್ದಾರೆ, ನಿಜ. ಆದರೆ ಅಮೆರಿಕದ ವೆಸ್ಟರ್ನ್ ಪಿಗ್ಮಿ ಬ್ಲೂ, ನಮ್ಮಲ್ಲಿಯೂ ಹಾರುವ ಗ್ರಾಸ್ ಜ್ಯುವೆಲ್ ಇವಕ್ಕೂ ಅದೇ ಬಿರುದು ಕೊಡುವವರಿದ್ದಾರೆ. ಎಲ್ಲವೂ ಒಂದೂವರೆ ಸೆಂಟಿಮೀಟರಿನ ಆಸುಪಾಸಿನವು. ಒಂದೇ ಪ್ರಭೇದದಲ್ಲೂ ಹುಳುವಾಗಿದ್ದಾಗ ಊಟ ಕಡಿಮೆಯಾದರೆ ಚಿಟ್ಟೆ ಇನ್ನೂ ಚಿಕ್ಕದಾಗಿ ಹುಟ್ಟುತ್ತದೆ. "ಅತಿ ಚಿಕ್ಕ ಚಿಟ್ಟೆಗಳಲ್ಲಿ ಒಂದು" ಎಂದು ಬರೆಯಿರಿ, ಯಾರೂ ತಕರಾರು ತೆಗೆಯಲಾರರು.

ಇರುವೆಸಾಲು ಉತ್ತರ

ಇರುವೆಯ ಪ್ರಶ್ನೆ ನನಗಿರಲಿ.

ಎಲ್ಲ ಇರುವೆಗಳನ್ನೂ ಒಂದೇ ಗೂಡಿಗೆ ಹಾಕಬೇಡಿ. ಸಿನಾಯ್ ಬೇಟನ್ ಬ್ಲೂ ಹುಳುವನ್ನು ಕಾಯುವುದು ಲೆಪಿಸಿಯೋಟಾ ಕುಲದ ಸಣ್ಣ ಇರುವೆಗಳು. ಬೇರೆ ಜಾತಿಯ ಇರುವೆಗೆ ಇದೇ ಹುಳು ಬರೀ ಮಾಂಸ.

ಈ ಚಿಟ್ಟೆ ಸೇರಿರುವ ಲೈಕೆನಿಡೆ ಕುಟುಂಬದ ಬಹಳಷ್ಟು ಚಿಟ್ಟೆಗಳ ಹುಳುಗಳಲ್ಲಿ ಒಂದೇ ಬಗೆಯ ಏರ್ಪಾಡು ಇರುತ್ತದೆ. ಹೊಟ್ಟೆಯ ಏಳನೇ ಖಂಡದ ಬೆನ್ನ ಮೇಲೆ ಒಂದು ಜೇನುಗ್ರಂಥಿ, ಇರುವೆ ಮೀಸೆಯಿಂದ ತಟ್ಟಿದಾಗ ಅದರಿಂದ ಸಿಹಿ ಹನಿ ಬರುತ್ತದೆ. ಎಂಟನೇ ಖಂಡದಲ್ಲಿ ಒಳಗೆಳೆದುಕೊಂಡು ಹೊರಚಾಚುವ ಎರಡು ಕೊಳವೆಗಳು. ಹುಳುವಿಗೆ ಗಾಬರಿಯಾದಾಗ ಅವು ಹೊರಬಂದರೆ ಇರುವೆಗಳು ಚುರುಕಾಗಿ ಸುತ್ತ ಓಡಾಡತೊಡಗುತ್ತವೆ. ಜೊತೆಗೆ ಮೈಯೆಲ್ಲ ಸೂಕ್ಷ್ಮ ರಂಧ್ರಗಳು, ಅವುಗಳ ಸ್ರಾವ ಇರುವೆಯನ್ನು ಸಮಾಧಾನದಲ್ಲಿಡುತ್ತದೆ. ಚರ್ಮವೂ ದಪ್ಪ. ಇರುವೆ ಒಮ್ಮೆ ಕಚ್ಚಿ ನೋಡಿದರೂ ತಕ್ಷಣ ಸಾಯುವುದಿಲ್ಲ.

ಮೊಟ್ಟೆಯಿಂದ ಆಗಷ್ಟೇ ಬಂದ ಹುಳುವಿಗೆ ಈ ಜೇನುಗ್ರಂಥಿ ಕೆಲಸಕ್ಕೆ ಬಂದಿರುವುದಿಲ್ಲ. ಅದು ಮೊಗ್ಗಿನ ಒಳಗೋ ಸಂದಿಯಲ್ಲೋ ಅಡಗಿರುತ್ತದೆ. ಬೆಳೆದ ಮೇಲೆ ಇರುವೆಗಳ ಸಾಲು ಹತ್ತಿರ ಬರುತ್ತದೆ. ಹುಳುವಿಗೆ ಸಿಗುವ ಲಾಭ ದೊಡ್ಡದು: ಮೈಯೊಳಗೆ ಮೊಟ್ಟೆಯಿಡಲು ಬರುವ ಪರಾವಲಂಬಿ ಕಣಜ ಮತ್ತು ನೊಣಗಳು ಇರುವೆ ಇದ್ದ ಕಡೆ ಕೂರಲು ಹಿಂಜರಿಯುತ್ತವೆ.

ಹುಳು ಹುಡುಕುವವರಿಗೂ ಇರುವೆಯೇ ದಾರಿದೀಪ. ಹೂಗೊಂಚಲಿನಲ್ಲಿ ಎರಡು ಮೂರು ಇರುವೆ ಒಂದೇ ಕಡೆ ಸುತ್ತುತ್ತಾ, ಮೀಸೆ ಆಡಿಸುತ್ತಾ ನಿಂತಿದ್ದರೆ ಅಲ್ಲಿ ಹುಳು ಇರುವ ಸಾಧ್ಯತೆ ಹೆಚ್ಚು. ಗಿಡಹೇನು ಇದ್ದರೂ ಇರುವೆ ಹೀಗೇ ನಿಲ್ಲುತ್ತದೆ, ಆದ್ದರಿಂದ 10 ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಮೊಗ್ಗಿನಲ್ಲಿ ದುಂಡನೆ ತೂತು, ಕೆಳಗೆ ಪುಡಿ ಹಿಕ್ಕೆ ಕಂಡರೂ ಗುರುತು. ಮೊಟ್ಟೆಯ ಖಾಲಿ ಚಿಪ್ಪು ಗಿಡದ ಮೇಲೇ ಅಂಟಿಕೊಂಡು ಉಳಿಯುತ್ತದೆ, ಬಿಳಿ, ಚಪ್ಪಟೆ, ನಡುವೆ ತಗ್ಗು. ಆದ್ದರಿಂದ ಚಿಪ್ಪುಗಳನ್ನು ಎಣಿಸುವಾಗ ತೂತು ಬಿದ್ದದ್ದು, ಬೀಳದ್ದು ಬೇರೆ ಬೇರೆ ಬರೆದುಕೊಳ್ಳಿ. ಒಟ್ಟಿಗೆ ಬರೆದರೆ ಎಷ್ಟು ಒಡೆದವು ಎಂಬುದೇ ತಿಳಿಯದೆ ಹೋಗುತ್ತದೆ. ಕೊಂಬೆಯನ್ನು ಬಟ್ಟೆಯ ಮೇಲೆ ಬಡಿದು ಹುಳು ಉದುರಿಸುವ ವಿಧಾನ ಇಂಥ ಅಪರೂಪದ ಪ್ರಭೇದಕ್ಕೆ ಬೇಡವೇ ಬೇಡ. ಮೊಗ್ಗೂ ಉದುರುತ್ತದೆ, ಹುಳು ಮತ್ತೆ ಗಿಡ ಹತ್ತುವಷ್ಟರಲ್ಲಿ ಬೇರೆ ಇರುವೆಯ ಪಾಲಾಗುತ್ತದೆ.

ಎಣಿಕೆಕೋಲು ಉತ್ತರ

ಎಣಿಕೆಯ ವಿಷಯ. 2001ರ ಸುಮಾರಿಗೆ ಮೈಕ್ ಜೇಮ್ಸ್, ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಗಿಲ್ಬರ್ಟ್, ಸೂಯೆಜ್ ಕೆನಾಲ್ ವಿಶ್ವವಿದ್ಯಾಲಯದ ಸಾಮಿ ಝಲತ್ ಸೇರಿ ಚಿಟ್ಟೆ ಇರುವ ಎಲ್ಲ ತಾಣಗಳನ್ನೂ ಅಳೆದರು. ಒಟ್ಟು ಚಿಟ್ಟೆಗಳ ಅಂದಾಜು ಮೂರು ಸಾವಿರದ ಒಳಗೆ ಬಂತು. ಇಂಥ ಅಂದಾಜಿನ ಹಿಂದಿನ ತತ್ವ ಹೀಗೆ.

ಹಿಡಿದು, ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿಯುವುದು. ಮೊದಲ ದಿನ 40 ಚಿಟ್ಟೆಗೆ ಗುರುತು ಹಾಕಿದಿರಿ ಎನ್ನೋಣ. ಎರಡನೇ ಸಲ 35 ಸಿಕ್ಕವು, ಅದರಲ್ಲಿ 8ಕ್ಕೆ ಗುರುತಿತ್ತು. ಚಾಪ್‌ಮನ್ ತಿದ್ದುಪಡಿಯಂತೆ ಮೂರೂ ಸಂಖ್ಯೆಗೆ ಒಂದೊಂದು ಕೂಡಿಸಿ, 41ನ್ನು 36ರಿಂದ ಗುಣಿಸಿ, 9ರಿಂದ ಭಾಗಿಸಿ, 1 ಕಳೆಯಿರಿ. 163 ಬರುತ್ತದೆ. ಇದು ಆ ಹೊತ್ತಿಗೆ ಆ ತಾಣದಲ್ಲಿದ್ದ ಚಿಟ್ಟೆಗಳ ಅಂದಾಜು, ಇಡೀ ಹಂಗಾಮಿನದಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಹಾರಾಟದ ಕಾಲ ಆರು ವಾರ, ಒಂದೊಂದು ಚಿಟ್ಟೆಯ ಆಯಸ್ಸು ಕೆಲವೇ ದಿನ. ಇಂದು ಕಂಡವು ಮುಂದಿನ ವಾರ ಇರುವುದಿಲ್ಲ, ಹೊಸವು ಮಣ್ಣಿನಿಂದ ಏಳುತ್ತಿರುತ್ತವೆ. ಅದಕ್ಕೇ ಹಂಗಾಮಿನುದ್ದಕ್ಕೂ ಹಿಡಿಯುತ್ತಾ ಹೋಗಿ, ಹುಟ್ಟು-ಸಾವು ಸೇರಿಸಿ ಲೆಕ್ಕ ಹಾಕುವ ಜಾಲಿ-ಸೀಬರ್ ಬಗೆಯ ವಿಧಾನ ಬೇಕು. ಒರಟು ಲೆಕ್ಕ ಸಾಕಾದರೆ ದಿನದಿನದ ಅಂದಾಜುಗಳನ್ನೆಲ್ಲ ಕೂಡಿಸಿ ಸರಾಸರಿ ಆಯಸ್ಸಿನಿಂದ ಭಾಗಿಸಿ. ಮೊತ್ತ 900, ಆಯಸ್ಸು 4 ದಿನ ಎಂದಿಟ್ಟುಕೊಂಡರೆ ಹಂಗಾಮಿಗೆ 225.

ಗುರುತು ಹಾಕುವುದು ಕೈಚಳಕದ ಕೆಲಸ. ತೆಳು ಬಲೆಯಿಂದ ಪಾರದರ್ಶಕ ಸೀಸೆಗೆ ದಾಟಿಸಿ, ನೆರಳಿನಲ್ಲಿಟ್ಟು, ಸುಮ್ಮನಾದ ಮೇಲೆ ಮಡಿಚಿದ ಹಿಂದಿನ ರೆಕ್ಕೆಯ ಕೆಳಮೈಗೆ ಅತಿ ತೆಳು ಮೊನೆಯ ಅಳಿಸದ ಪೆನ್ನಿನಿಂದ ಚುಕ್ಕೆ ಇಡಬೇಕು. ಸಂಖ್ಯೆ ಬರೆಯಲು ಜಾಗವಿಲ್ಲ. ಚುಕ್ಕೆಯ ಸ್ಥಾನಕ್ಕೆ 1, 2, 4, 7 ಎಂದು ಬೆಲೆ ಕೊಟ್ಟರೆ, ಹೆಚ್ಚೆಂದರೆ ಎರಡು ಚುಕ್ಕೆಯಲ್ಲಿ ಒಂದರಿಂದ ಒಂಬತ್ತರವರೆಗೆ ಬರುತ್ತದೆ. ಇನ್ನೊಂದು ರೆಕ್ಕೆ ಹತ್ತರ ಸ್ಥಾನ. ಶಾಯಿ ಮೈಗೆ ಹರಿದರೆ ಚಿಟ್ಟೆ ಸತ್ತಂತೆಯೇ. ಎದೆಯ ಭಾಗವನ್ನು ಬೆರಳಲ್ಲಿ ಹಿಡಿಯಲೇಬಾರದು, ಈ ಗಾತ್ರದ ಚಿಟ್ಟೆಗೆ ಆ ಒತ್ತಡ ತಡೆಯುವ ಶಕ್ತಿಯಿಲ್ಲ.

ತಪ್ಪು ನುಸುಳುವ ದಾರಿಗಳು ಇನ್ನೂ ಇವೆ. ಹಿಡಿದ ಭಯಕ್ಕೆ ಚಿಟ್ಟೆ ತಾಣ ಬಿಟ್ಟು ಓಡಿಹೋದರೆ ಮರಳಿ ಸಿಗುವವು ಕಡಿಮೆಯಾಗಿ ಅಂದಾಜು ಉಬ್ಬುತ್ತದೆ. ಆದ್ದರಿಂದ ಹಿಡಿದ ಪೊದೆಯ ಮೇಲೇ, ರೆಕ್ಕೆ ಬಿಚ್ಚಿ ಬಿಸಿಲು ಕಾಯಲು ಬಿಟ್ಟು ಬನ್ನಿ. ಗಂಡುಗಳು ಹೆಚ್ಚು ಓಡಾಡುವುದರಿಂದ ಕಣ್ಣಿಗೆ ಹೆಚ್ಚು ಬೀಳುತ್ತವೆ, ಗಂಡು-ಹೆಣ್ಣಿನ ಲೆಕ್ಕ ಬೇರೆ ಬೇರೆ ಇಡದಿದ್ದರೆ ಹೆಣ್ಣುಗಳ ಸಂಖ್ಯೆ ಕೆಳಗಿಳಿಯುತ್ತದೆ. ಗಾಳಿ ಜೋರಾದ ದಿನ ಚಿಟ್ಟೆ ಪೊದೆಯೊಳಗೆ ಕೂತಿರುತ್ತದೆ, ಇಲ್ಲವೆಂದಲ್ಲ.

ಚಿಟ್ಟೆಯ ಜೊತೆಗೆ ಗಿಡವನ್ನೂ ಅಳೆಯದಿದ್ದರೆ ಎಣಿಕೆ ಅರ್ಧ ಕೆಲಸ. ಪೊದೆಯ ಅತಿ ಅಗಲ, ಅದಕ್ಕೆ ಅಡ್ಡಲಾಗಿ ಇನ್ನೊಂದು ಅಗಲ ತೆಗೆದುಕೊಳ್ಳಿ. 60 ಮತ್ತು 40 ಸೆಂಟಿಮೀಟರ್ ಇದ್ದರೆ, ಪೊದೆ ಅಂಡಾಕಾರದ್ದು ಎಂದು ಹಿಡಿದು, ಗುಣಿಸಿ 0.785ರಿಂದ ಮತ್ತೆ ಗುಣಿಸಿದಾಗ 1884 ಚದರ ಸೆಂಟಿಮೀಟರ್. ಅದರಲ್ಲಿ ಜೀವಂತ ಹಸಿರು ಭಾಗ ಶೇಕಡಾ 30 ಎಂದಾದರೆ ಚಿಟ್ಟೆಗೆ ದಕ್ಕುವುದು 565 ಮಾತ್ರ. ಉಳಿದದ್ದು ಕಡ್ಡಿ. ಹಸಿರಿನ ಅಂದಾಜು ಇಬ್ಬರು ಬೇರೆ ಬೇರೆ ಮಾಡಿ ಆಮೇಲೆ ಹೋಲಿಸಿ, ಏಕೆಂದರೆ ಒಬ್ಬೊಬ್ಬರ ಕಣ್ಣು ಒಂದೊಂದು ಕಡೆ ವಾಲುತ್ತದೆ. ಮೇಲೆ ಹೇಳಿದ ಅಧ್ಯಯನದಲ್ಲಿ ಹೆಚ್ಚು ಚಿಟ್ಟೆ ಕಂಡದ್ದು ದೊಡ್ಡದಾದ, ಚಿಟ್ಟೆಯಿರುವ ಬೇರೆ ತಾಣಗಳಿಗೆ ಹತ್ತಿರವಾದ, ಬಗೆಬಗೆಯ ಗಿಡಗಳಿದ್ದ, ಥೈಮ್ ಒಳ್ಳೆಯ ಸ್ಥಿತಿಯಲ್ಲಿದ್ದ ತಾಣಗಳಲ್ಲಿ. ಪೊದೆಗಳ ತಲೆ ಎಣಿಸಿದರೆ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಬಯಲುಸೀಮೆ

ತುಂಬಾ ಉಪಕಾರವಾಯಿತು. ಹಾಗಿದ್ದರೆ ನೆಡುವುದರ ಬಗ್ಗೆ? ಆಡುಮೇಕೆ ದೊಡ್ಡ ಶತ್ರುವೋ, ಬಿಸಿಯೇರುತ್ತಿರುವ ಹವೆಯೋ? ಈ ಚುಕ್ಕೆ ಹಾಕುವ ವಿಧಾನವನ್ನು ಇಲ್ಲಿ ಕ್ಯಾಂಪಸ್ಸಿನ ಗ್ರಾಸ್ ಜ್ಯುವೆಲ್ ಮೇಲೆ ಮಾಡಿ ನೋಡಬಹುದೇ?

ಕಲ್ಲುಹೂ ಉತ್ತರ

ನೆಟ್ಟರೆ ಮುಗಿಯಿತು ಎಂಬುದನ್ನು ನಾನು ಒಪ್ಪುವುದಿಲ್ಲ. ನರ್ಸರಿಯಲ್ಲಿ ಸುಲಭವಾಗಿ ಸಿಗುವ ಅಡುಗೆ ಥೈಮ್ ಬೇರೆ ಪ್ರಭೇದ, ಅದನ್ನಂತೂ ಆ ಬೆಟ್ಟಕ್ಕೆ ಒಯ್ಯಲೇಬಾರದು. ಸ್ಥಳೀಯ ಬೀಜದಿಂದಲೇ ಬೆಳೆಸಿದರೂ ಕುಂಡದಲ್ಲಿ ನೀರುಂಡ ಸಸಿಯ ಬೇರು ಮೇಲ್ಮಟ್ಟದಲ್ಲೇ ಸುತ್ತಿಕೊಂಡಿರುತ್ತದೆ. ಬಂಡೆಯ ಬಿರುಕಿನ ತೇವ ಮುಟ್ಟುವ ಮೊದಲೇ ಬೇಸಿಗೆ ಬರುತ್ತದೆ. ನೀರು ಹಾಕಿ ಉಳಿಸಿಕೊಂಡರೆ ಹೂ ಬಿಡುವ ಕಾಲ ಕಾಡುಗಿಡದ್ದಕ್ಕಿಂತ ಹಿಂದುಮುಂದಾಗಬಹುದು. ಮೊಗ್ಗಿನ ಕಾಲಕ್ಕೆ ಬದುಕನ್ನು ಕಟ್ಟಿಕೊಂಡ ಚಿಟ್ಟೆಗೆ ಅದರಿಂದ ಪ್ರಯೋಜನವಿಲ್ಲ. ಸರಿಯಾದ ಇರುವೆ ಅಲ್ಲಿದೆಯೇ ಎಂದೂ ನೋಡಬೇಕು. ಗಿಡ ಸಿದ್ಧವಾದ ಮೇಲೂ ಚಿಟ್ಟೆ ತಾನಾಗಿ ಬರುವುದಿಲ್ಲ, ಇರುವ ತಾಣದಿಂದಲೇ ತೆಗೆಯಬೇಕು. ಒಟ್ಟೇ ಕೆಲವು ಸಾವಿರ ಇರುವಾಗ ಅಲ್ಲಿಂದ ಹೆಣ್ಣುಗಳನ್ನು ತೆಗೆಯುವುದು ದೊಡ್ಡ ಅಪಾಯ.

ಆಡುಮೇಕೆಯೋ ಬಿಸಿಯೋ ಎಂಬುದಕ್ಕೆ 2005ರಲ್ಲಿ ಹೊಯ್ಲ್ ಮತ್ತು ಜೇಮ್ಸ್ ಒಂದು ಗಣಿತ ಮಾದರಿ ಕಟ್ಟಿ ನೋಡಿದರು. ಬಿಸಿಯೇರಿಕೆ, ಮೇಯಿಸುವಿಕೆ, ಗಿಡ ಕೀಳುವಿಕೆ ಮೂರೂ ಇಲ್ಲದಿದ್ದರೆ ಚಿಟ್ಟೆ ಕನಿಷ್ಠ 200 ವರ್ಷ ಉಳಿಯುತ್ತದೆ ಎಂದು ಬಂತು. ಬಿಸಿಯೇರಿಕೆಗೆ ಒಂದು ಹೊಸ್ತಿಲು ಇದೆ, ಅದನ್ನು ದಾಟಿದ ಮೇಲೆ ಅಳಿವಿನ ಸಾಧ್ಯತೆ ಸರ್ರನೆ ಏರುತ್ತದೆ. ಮೇಯಿಸುವಿಕೆಗೆ ಅಂಥ ಹೊಸ್ತಿಲಿಲ್ಲ, ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತಾ ಹೋಗುತ್ತದೆ. ಒಂದರ ಪೆಟ್ಟು ಇನ್ನೊಂದರ ಮೇಲೆ ಕೂಡಿಕೊಳ್ಳುತ್ತದೆ. ಹಾಗಾಗಿ ಹವೆಯನ್ನು ತಡೆಯಲು ಕೈಲಾಗದಿದ್ದರೂ ಮೇಯಿಸುವುದನ್ನು ಕಡಿಮೆ ಮಾಡಿದ್ದು ವ್ಯರ್ಥವಾಗುವುದಿಲ್ಲ. ಬೆಟ್ಟದ ನೆತ್ತಿಯ ಹತ್ತಿರವೇ ಇರುವ ಚಿಟ್ಟೆಗೆ ತಂಪು ಹುಡುಕಿ ಇನ್ನೂ ಮೇಲೆ ಹತ್ತಲು ಬೆಟ್ಟವೇ ಉಳಿದಿಲ್ಲ ಎಂಬುದನ್ನು ನಿಮ್ಮ ಬರಹದಲ್ಲಿ ಸೇರಿಸಿ.

ಮಾದರಿ ತೋರಿಸಿದ ಇನ್ನೊಂದು ವಿಷಯವೇ ನನ್ನ ವಾದಕ್ಕೆ ಆಧಾರ. ತಾಣಗಳಲ್ಲಿ ಎರಡು ಬಹಳ ಮುಖ್ಯ, ಅವುಗಳಲ್ಲಿ ಯಾವುದೊಂದು ಹೋದರೂ ಪ್ರಭೇದವೇ ಅಳಿಯುವ ಸಂಭವ. ಹಣ, ಕಾವಲು, ಬೇಲಿ ಏನಿದ್ದರೂ ಮೊದಲು ಅಲ್ಲಿಗೆ.

ಇರುವೆಸಾಲು ಉತ್ತರ

ಕಲ್ಲುಹೂ ಅವರೇ, ಹೊಸ ಬೆಟ್ಟದ ಮಾತಿಗೆ ನನ್ನದೂ ಬೇಡವೆಂಬುದೇ. ಆದರೆ ಇರುವ ತಾಣದೊಳಗೇ ಒಣಗಿಹೋದ ಪೊದೆಗಳ ಜಾಗದಲ್ಲಿ ಅದೇ ತಾಣದ ಬೀಜ ಬಿತ್ತುವುದನ್ನು ಪೂರ್ತಿ ತಳ್ಳಿಹಾಕಬೇಡಿ. ಮಣ್ಣೂ ಅದೇ, ಇರುವೆಯೂ ಅಲ್ಲೇ ಇದೆ, ಚಿಟ್ಟೆಯನ್ನು ಹೊರಬೇಕಿಲ್ಲ. ನಿಧಾನದ ಕೆಲಸ, ಬಿತ್ತಿದ ಜಾಗಕ್ಕೆ ಬಾಯಿ ಹಾಕುವ ಪ್ರಾಣಿ ಬಾರದಂತೆ ತಡೆಯಬೇಕು ಅಷ್ಟೇ.

ಬೇಲಿಯ ಬಗ್ಗೆ ಒಂದು ಎಚ್ಚರ. ಆ ಬೆಟ್ಟಗಳು ಜಬಾಲಿಯಾ ಬೆಡುಯಿನ್ ಬುಡಕಟ್ಟಿನ ಜನರ ಬದುಕಿನ ಜಾಗ. 1988ರಲ್ಲಿ ಸೇಂಟ್ ಕ್ಯಾಥರೀನ್ ಸಂರಕ್ಷಿತ ಪ್ರದೇಶ ಘೋಷಣೆಯಾಗುವ ಎಷ್ಟೋ ಮೊದಲೇ ಅಲ್ಲಿ ಹಿಲ್ಫ್ ಎಂಬ ಕಟ್ಟುಪಾಡು ಇತ್ತು. ಇಂತಿಷ್ಟು ಕಾಲ ಮೇಲಿನ ಬೆಟ್ಟದಲ್ಲಿ ಯಾರೂ ಮೇಯಿಸಬಾರದು ಎಂಬ ಊರ ಒಪ್ಪಂದ. ಮೊಗ್ಗಿನ ಕಾಲಕ್ಕೆ ಆಡುಮೇಕೆ ಮೇಲೆ ಬಾರದಂತೆ ಮಾಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆಡು ಮೊಗ್ಗನ್ನು ತಿಂದಾಗ ಮೊಟ್ಟೆ, ಹುಳು ಸಮೇತ ತಿನ್ನುತ್ತದೆ. ಅದೇ ಆಡು ಹೂ ಮುಗಿದು ಹುಳು ಮಣ್ಣಿಗಿಳಿದ ಮೇಲೆ ಬಂದರೆ ಆಗುವ ನಷ್ಟ ತೀರಾ ಕಡಿಮೆ. ದಿನಾಂಕ ನೋಡಿಕೊಂಡು ಮಾಡಿದರೆ ಜನರಿಗೂ ತೊಂದರೆಯಿಲ್ಲ. ಔಷಧಿಗೂ ಚಹಾಕ್ಕೂ ಥೈಮ್ ಕೊಯ್ಯುವವರಿಗೂ ಇದೇ ಮಾತು: ಹೂವಿನ ತುದಿಗಳನ್ನು ಮೇ-ಜೂನ್‌ನಲ್ಲಿ ಕತ್ತರಿಸಬಾರದು, ಬುಡ ಯಾವಾಗಲೂ ಕೀಳಬಾರದು.

ಎಣಿಕೆಕೋಲು ಉತ್ತರ

ಬಯಲುಸೀಮೆಯವರೇ, ಕ್ಯಾಂಪಸ್ಸಿನಲ್ಲಿ ಚುಕ್ಕೆ ಹಾಕುವುದು ಬೇಡ. ಕೈ ಪಳಗದವರು ಹಿಡಿದರೆ ಗ್ರಾಸ್ ಜ್ಯುವೆಲ್ ಗಾತ್ರದ ಚಿಟ್ಟೆ ಉಳಿಯುವುದಿಲ್ಲ. ಅಲ್ಲದೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಲ್ಲಿರುವ ಚಿಟ್ಟೆಯನ್ನು ಅನುಮತಿಯಿಲ್ಲದೆ ಹಿಡಿಯುವಂತಿಲ್ಲ.

ಬದಲಿಗೆ ಪೊಲಾರ್ಡ್ ನಡಿಗೆ ಮಾಡಿ. ಒಂದು ಕಾಲುದಾರಿ ಗೊತ್ತುಮಾಡಿ, ಅದನ್ನು ತುಂಡುಗಳಾಗಿ ವಿಂಗಡಿಸಿ. ಒಂದೇ ವೇಗದಲ್ಲಿ ನಡೆಯುತ್ತಾ ಎಡಕ್ಕೆ ಎರಡೂವರೆ, ಬಲಕ್ಕೆ ಎರಡೂವರೆ, ಮುಂದಕ್ಕೆ ಐದು ಮೀಟರಿನೊಳಗೆ ಕಂಡದ್ದನ್ನಷ್ಟೇ ಬರೆಯಿರಿ. ಹಿಂದಿನಿಂದ ಹಾರಿಬಂದದ್ದು ಲೆಕ್ಕಕ್ಕಿಲ್ಲ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಬಿಸಿಲಿರುವ, ಗಾಳಿ ಕಡಿಮೆಯಿರುವ ದಿನ. ಇಷ್ಟು ಪುಟ್ಟ ಚಿಟ್ಟೆ ಎರಡು ಮೀಟರಿನಾಚೆ ಹುಲ್ಲಿನಲ್ಲಿ ಕಾಣುವುದೇ ಕಷ್ಟ, ಆದ್ದರಿಂದ ಗ್ರಾಸ್ ಜ್ಯುವೆಲ್‌ಗೆ ಅಗಲವನ್ನು ಒಟ್ಟು ಎರಡು ಮೀಟರಿಗೆ ಇಳಿಸಿ, ಇಳಿಸಿದ್ದನ್ನು ಹಾಳೆಯ ಮೇಲೆ ನಮೂದಿಸಿ. ದಾರಿಯಲ್ಲಿ ಇಂಡಿಗೊಫೆರಾ ಜಾತಿಯ ನೆಲಗಿಡ ಎಲ್ಲೆಲ್ಲಿದೆ ಎಂದು ಮೊದಲೇ ನಕ್ಷೆ ಮಾಡಿಟ್ಟುಕೊಳ್ಳಿ, ಗ್ರಾಸ್ ಜ್ಯುವೆಲ್ ಹುಳು ತಿನ್ನುವ ಗಿಡಗಳಲ್ಲಿ ಅದೂ ಒಂದು. ಹುಲ್ಲು ಕತ್ತರಿಸುವ ಯಂತ್ರ ಬಂದ ದಿನಾಂಕವನ್ನೂ ಬರೆದಿಡಿ, ಮುಂದಿನ ವಾರದ ಎಣಿಕೆ ದಿಢೀರನೆ ಕುಸಿದರೆ ಮೊದಲು ನೋಡಬೇಕಾದದ್ದು ಅದನ್ನೇ.